ಕಿರುಗಾವಲು ಬಂತಾ

ರಾತ್ರಿ ಹತ್ತೂವರೆಗೆ, ಕ್ಯಾತಮಾರನಹಳ್ಳಿಯ ಮನೆಯಲ್ಲಿ
ಪಾತ್ರೆ ಬೋರಲು ಹಾಕಿ, ಹಾಲಿಗೆ ಹೆಪ್ಪು ಬಿಟ್ಟು,
ಮಗನ ಕೈಯಿಂದ ಮೊಬೈಲು ಕಿತ್ತುಕೊಂಡು
ನಾನು ಬಸ್ಸು ಓಡಿಸುತ್ತೇನೆ.

ಹನ್ನೊಂದು ವರ್ಷದ ಕಂಡಕ್ಟರು ನಾನು.
ಸ್ಟೀರಿಂಗು ಮುಟ್ಟಿದ್ದು ಒಂದೇ ಸಲ,
ಆಯುಧಪೂಜೆಯ ದಿನ, ಕುಂಕುಮ ಇಡಲು.

ಗೇಮಿನ ಬಸ್ಸಿಗೆ ನಮ್ಮದೇ ಕೆಂಪು.
ಎಲ್ಲಿಂದಲೋ ಇಳಿಸಿ ಅಂಟಿಸಿದನಂತೆ ನಿಶಾಂತ.
ಬೋರ್ಡೂ ಸರಿಯಾಗಿದೆ: ಮೈಸೂರು, ಬನ್ನೂರು, ಮಳವಳ್ಳಿ.
ರಸ್ತೆ ಮಾತ್ರ ಯಾವ ದೇಶದ್ದೋ.
ವರಕೋಡು ಬರಬೇಕಾದಲ್ಲಿ ಸಮುದ್ರ ಬರುತ್ತದೆ,
ಮೇಗಳಾಪುರದ ತಿರುವಿನಲ್ಲಿ
ಹೊಗೆಯಾಡುವ ಒಂದು ಬೆಟ್ಟ.
ಅದಕ್ಕೂ ಬಸ್ಸಿಗೂ ಏನೂ ಸಂಬಂಧವಿಲ್ಲ.

ಸ್ಟಾಪಿನಲ್ಲಿ ನಿಂತವರಿಗೆಲ್ಲ ಒಂದೇ ಮುಖ, ಮೂರೇ ಬಣ್ಣದ ಅಂಗಿ.
ಬಾಗಿಲು ತೆಗೆದರೆ ಸಾಲಾಗಿ ಹತ್ತುತ್ತಾರೆ,
ಆಹಾ, ಸಾಲಾಗಿ!
ಕಿಟಕಿಯಿಂದ ಟವೆಲು ತೂರುವವರಿಲ್ಲ,
ಹದಿನೆಂಟು ರೂಪಾಯಿಗೆ ಐನೂರರ ನೋಟು ಚಾಚಿ
ಆಚೆ ನೋಡುವವರಿಲ್ಲ,
ಟಿಕೆಟ್ಟಿನ ಬೆನ್ನಿಗೆ ನಾನು ಬರೆದ ಎರಡು ರೂಪಾಯಿಗೆ
ಇಳಿದ ಮೇಲೂ ಕೂಗುವವರಿಲ್ಲ.
ಆಧಾರಿನ ಫೋಟೋ ಎರಡೆರಡು ಸಲ ನೋಡಿ
‘ಇದು ನೀವೇನಾ?’ ಅಂತ ಕೇಳಿ
ಬೈಸಿಕೊಳ್ಳುವುದಿಲ್ಲ.
ದುಡ್ಡಿಲ್ಲದ ಟಿಕೆಟ್ಟಿಗೂ ಲೆಕ್ಕ ಒಪ್ಪಿಸಬೇಕು ನೋಡಿ ನಾವು.
ಒಂದು ಕಡಿಮೆಯಾದರೆ
ಚೆಕಿಂಗಿನವರು ನನ್ನ ಹೆಸರು ಬರೆದುಕೊಳ್ಳುತ್ತಾರೆ.

ನಮ್ಮ ಡ್ರೈವರು ಚೆಲುವಯ್ಯನಿಗೆ ಹೇಳಿದೆ,
ಬನ್ನೂರಿನಲ್ಲಿ ಟೀ ಕುಡಿಯುವಾಗ.
ಬಿಸ್ಕತ್ತು ಅದ್ದಿದವರು ಹಾಗೇ ಮರೆತರು, ಮುಳುಗಿಹೋಯಿತು.
‘ಅದ್ರಲ್ಲಿ ಹಂಪು ಹಾರುದ್ರೆ ಸೊಂಟ ನೋಯ್ತದಾ ಮೇಡಂ?’
ಇಲ್ಲ ಅಂದೆ.
‘ಹಂಗಾರೆ ಅದು ಬಸ್ಸಲ್ಲ ಬುಡಿ.’

ನಿಜ. ಮೊನ್ನೆ ಎದುರಿನ ಲಾರಿಗೆ ನೇರ ಗುದ್ದಿದೆ.
ಒಬ್ಬರೂ ‘ಅಯ್ಯೋ’ ಅನ್ನಲಿಲ್ಲ.
ಪರದೆಯ ಮೂಲೆಯಲ್ಲಿ ಎರಡು ಸಾವಿರ ಕಳೆದು
ಬಸ್ಸು ತಾನಾಗಿ ಎದ್ದು ನಿಂತಿತು, ತೊಳೆದಿಟ್ಟ ಹಾಗೆ.
ಬರೀ ಒಂದು ಕನ್ನಡಿ ಒಡೆದದ್ದಕ್ಕೆ
ಚೆಲುವಯ್ಯನ ಮೆಮೊ ಮೂರು ತಿಂಗಳು
ಟೇಬಲ್ಲಿಂದ ಟೇಬಲ್ಲಿಗೆ ಓಡಾಡಿತ್ತು.

ಆದರೂ ಬಿಡಲಾಗುವುದಿಲ್ಲ.
ದಿನವಿಡೀ ಹಿಂದಕ್ಕೆ ಮುಖ ಮಾಡಿ ಹೋಗುವವಳು ನಾನು.
ಊರುಗಳು ನನಗೆ ಗೊತ್ತಿರುವುದು
ಬಾಗಿಲಿನಷ್ಟೇ ಅಗಲ:
ಒಂದು ಪಂಕ್ಚರ್ ಅಂಗಡಿ, ಅರ್ಧ ಅರಳಿಮರ,
ಓಡಿ ಬರುವ ಒಬ್ಬ ಹುಡುಗಿಯ ಬ್ಯಾಗು.
ಮುಂದಿನ ಗಾಜಿನ ತುಂಬ ರಸ್ತೆ ಬಿಚ್ಚಿಕೊಳ್ಳುವುದನ್ನು
ಈ ಅಂಗೈಯಗಲದಲ್ಲೇ ಮೊದಲು ನೋಡಿದ್ದು.

ನಿನ್ನೆ ಆಡುತ್ತ ಆಡುತ್ತ ಬಾಯಿಬಿಟ್ಟು
‘ರೈಟ್’ ಅಂದುಬಿಟ್ಟೆ.
ನಿದ್ದೆಯಲ್ಲಿದ್ದ ಇವರು ಮಗ್ಗುಲಾಗಿ,
‘ತಡೀರಿ, ಇಳೀಬೇಕು’ ಅಂದರು.
ಎಲ್ಲಿ ಇಳಿಯಬೇಕಿತ್ತೋ.
ಬೆಳಿಗ್ಗೆ ಕೇಳಿದರೆ ಅವರಿಗೇ ನೆನಪಿಲ್ಲ.

ಬನ್ನೂರಿನಲ್ಲಿ ಒಬ್ಬಳು ಅಜ್ಜಿ ಹತ್ತುತ್ತಾಳೆ,
ಮಡಿಲಲ್ಲಿ ವೀಳ್ಯದೆಲೆಯ ಒದ್ದೆ ಗಂಟು.
ಸ್ಟ್ಯಾಂಡು ಬಿಡುವ ಮೊದಲೇ ಶುರು:
‘ಕಿರುಗಾವಲು ಬಂತಾ ಮಗ?’
ಕೂತ್ಕೊಳಜ್ಜಿ, ಹೇಳ್ತೀನಿ.
‘ಬಂತಾ?’
ಬಂದ್ರೆ ಹೇಳಲ್ವಾ.
‘ಈಗ ಬಂತಾ?’
ಒಂದು ದಿನ ರೇಗಿ ಸುಮ್ಮನಾದೆ.
ಅವಳು ಪಕ್ಕದವರನ್ನು ಕೇಳಲು ಹೋಗಲಿಲ್ಲ,
ನನ್ನನ್ನೇ ನೋಡುತ್ತ ಕೂತಳು.

ಈಗ ಬ್ಯಾಟರಿ ನಾಲ್ಕು.
ಬೆಳಿಗ್ಗೆ ಐದೂ ನಲವತ್ತಕ್ಕೆ ಡ್ಯೂಟಿ.
ಹೊಗೆಯ ಬೆಟ್ಟ ದಾಟಿದ ಮೇಲೆ ಒಂದು ಕತ್ತಲೆಯ ತಿರುವು.
ಬ್ರೇಕು ಹಾಕಿ ಬಾಗಿಲು ತೆಗೆದೆ.

‘ಅಮ್ಮಾ, ಅಲ್ಲಿ ಸ್ಟಾಪಿಲ್ಲ. ಪಾಯಿಂಟ್ ಹೋಯ್ತವೆ’
ಹೊದಿಕೆಯೊಳಗಿಂದ ನಿಶಾಂತ.

ಹೋಗ್ಲಿ ಮಲಗೋ.
ಯಾರೋ ನಿಧಾನವಾಗಿ ಏಳ್ತಾ ಇದಾರೆ.